ಉಪ್ಪುಸೊಳೆಗೂ ಗಬ್ಬದ ದನಕ್ಕೂ ಒಂದೇ ಪದ: ಇಂಪ್ರೆಗ್ನೇಟ್

ನನ್ನ ಅಕ್ಕನ ಮಗಳು ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಮಂಗಳೂರಲ್ಲಿ ನರ್ಸಿಂಗ್. ಮೊನ್ನೆ ಫೋನ್ ಮಾಡಿದಳು. "ಮಾವ, ಪುಸ್ತಕದಲ್ಲಿ ಪ್ಯಾರಾಫಿನ್ ಇಂಪ್ರೆಗ್ನೇಟೆಡ್ ಗಾಝ್ ಅಂತ ಉಂಟು. ಡಿಕ್ಷನರಿ ನೋಡಿದರೆ ಬಸಿರು ಮಾಡು ಅಂತ ಕೊಟ್ಟಿದ್ದಾರೆ. ಬಟ್ಟೆಗೂ ಬಸಿರಿಗೂ ಎಂತ ಸಂಬಂಧ?"

ಒಳ್ಳೆಯ ಪ್ರಶ್ನೆ. ಗಾಝ್ ಅಂದರೆ ಗಾಯಕ್ಕೆ ಕಟ್ಟುವ ತೆಳು ಬಟ್ಟೆ, ಇಲ್ಲಿ ಪ್ಯಾರಾಫಿನ್ ಅಂದರೆ ವ್ಯಾಸಲಿನ್ ಹಾಗಿನ ಜಿಡ್ಡು. ಫೋನಲ್ಲಿ ಅರ್ಧ ಹೇಳಿದ್ದೆ, ಉಳಿದದ್ದು ಇಲ್ಲಿದೆ.

ಪದದ ಮೂಲ ಲ್ಯಾಟಿನ್. 'ಪ್ರೇ' ಅಂದರೆ ಮುಂಚೆ, 'ಗ್ನಾಸ್ಕಿ' ಅಂದರೆ ಹುಟ್ಟುವುದು. ಹುಟ್ಟಿಗೆ ಮುಂಚಿನ ಸ್ಥಿತಿಯಲ್ಲಿ ಇರುವವಳು ಪ್ರೆಗ್ನೆಂಟ್. ಅದರ ಆರಂಭಕ್ಕೆ 'ಇನ್' ಸೇರಿತು. ಮುಂದೆ 'ಪ' ಇರುವುದರಿಂದ ಅದು 'ಇಮ್' ಆಯಿತು. ಇಂಗ್ಲಿಷಲ್ಲಿ ಇಂಪ್ರೆಗ್ನೇಟ್ ಅನ್ನುವ ಕ್ರಿಯಾಪದ 17ನೇ ಶತಮಾನದಲ್ಲಿ ಬಳಕೆಗೆ ಬಂತು. 'ಗ್ನಾಸ್ಕಿ'ಯ ಬೇರು ನಮಗೂ ಹೊಸದಲ್ಲ. ಸಂಸ್ಕೃತದಿಂದ ಬಂದ ಜನನ, ಜನ್ಮ, ಜನಕ ಎಲ್ಲ ಅದೇ ಹಳೆಯ ಬೇರಿನವು.

ಆದರೆ ನಮ್ಮ ಬಸಿರು ಆ ಕಡೆಯದ್ದಲ್ಲ. ಹಳಗನ್ನಡದಲ್ಲಿ ಬಸಿರು ಅಂದರೆ ಹೊಟ್ಟೆ. ಕಾಸರಗೋಡಿನ ಬಸ್ಸಲ್ಲಿ ಪಕ್ಕದವರು 'ವಯರು' ನೋವು ಅಂತ ಮಲಯಾಳದಲ್ಲಿ ಹೇಳುತ್ತಾರಲ್ಲ, ಅದು ಬಸಿರಿನ ಒಡಹುಟ್ಟು. ತುಳುವಿನ 'ಬಂಜಿ'ಯೂ ಹೊಟ್ಟೆಯೇ. ಲ್ಯಾಟಿನ್‌ನವರು ಹುಟ್ಟನ್ನು ಹಿಡಿದು ಪದ ಕಟ್ಟಿದರು, ನಮ್ಮವರು ಹೊಟ್ಟೆಯನ್ನು ಹಿಡಿದರು. ನನಗೆ ಇದು ತುಂಬಾ ಇಷ್ಟದ ಸಂಗತಿ.

ಈಗ ಬಟ್ಟೆಯ ವಿಷಯ. ಒಂದರೊಳಗೆ ಇನ್ನೊಂದು ಹೊಕ್ಕು, ಅಲ್ಲೇ ನಿಂತುಬಿಟ್ಟರೆ ಅದೂ ಬಸಿರಿನ ಹಾಗೇ ಅಲ್ವಾ? ಆ ಹೋಲಿಕೆಯಿಂದಲೇ ಎರಡನೇ ಅರ್ಥ ಬಂತು. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನುವ ವಿಜ್ಞಾನಿ ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿಸುವುದು ಹೇಗೆ ಅಂತ ಒಂದು ಪುಸ್ತಿಕೆ ಬರೆದ. ಅದರ ಹೆಸರಿನಲ್ಲೇ 'ಇಂಪ್ರೆಗ್ನೇಟಿಂಗ್ ವಾಟರ್' ಅಂತ ಇದೆ. ಸೋಡಾದ ಕಥೆ ಅದು. ಗೋಲಿ ಸೋಡಾ ಒಡೆಯುವವರೆಗೆ ಬಾಟಲಿಯಲ್ಲಿ ಕಾಣುವುದು ಬರೀ ನೀರು. ಗೋಲಿ ಒಳಗೆ ಹೋದ ಕೂಡಲೇ ಅಡಗಿದ್ದ ಗ್ಯಾಸ್ ಬುಸ್ ಅಂತ ಎದ್ದು ಬರುತ್ತದೆ. ಅಷ್ಟು ಹೊತ್ತು ನೀರು ಅದನ್ನು ಹೊತ್ತುಕೊಂಡೇ ಇತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಉಪ್ಪುಸೊಳೆ. ಬೇಸಗೆಯಲ್ಲಿ ಬೆಳೆದ ಹಲಸಿನಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಉಪ್ಪು ಬೆರೆಸಿ ತುಂಬಿ, ಮೇಲೆ ಭಾರ ಇಡುತ್ತಾರೆ. ಆಟಿ ತಿಂಗಳ ಮಳೆಗೆ ತೆಗೆದಾಗ ಸೊಳೆ ಮೆತ್ತಗಾಗಿ ಹಳದಿಗೆ ತಿರುಗಿರುತ್ತದೆ. ಹೊರಗೆ ಎಷ್ಟು ತೊಳೆದರೂ ಉಪ್ಪು ಹೋಗುವುದಿಲ್ಲ. ನೀರಲ್ಲಿ ಹಾಕಿಟ್ಟು, ನೀರು ಬದಲಿಸಿ, ಹಿಂಡಿ, ಮತ್ತೆ ನೆನೆಸಬೇಕು. ಅಮ್ಮ ಒಂದು ಚೂರು ಕಚ್ಚಿ ನೋಡಿ, "ಇನ್ನೂ ಉಪ್ಪು ಹಿಡ್ಕೊಂಡುಂಟು" ಅನ್ನುತ್ತಿದ್ದರು. ಇಂಪ್ರೆಗ್ನೇಟೆಡ್ ಅಂದರೆ ಆ ಸೊಳೆ. ಮಳೆಗೆ ಒದ್ದೆಯಾದ ಶರ್ಟು ಅಲ್ಲ. ಶರ್ಟು ಬಿಸಿಲಿಗೆ ಹಾಕಿದರೆ ಒಣಗುತ್ತದೆ. ಹಾಗಾಗಿ 'ನೆನೆಸಿದ', 'ತೋಯಿಸಿದ' ಅಂತ ಅನುವಾದಿಸಿದರೆ ಸಾಲದು. 'ಹೀರಿಸಿದ' ಆಗಬಹುದು. ನನಗೆ ಕೇಳಿದರೆ 'ಹಿಡಿಸಿದ' ಇನ್ನೂ ಚಂದ. ಗಾಯಕ್ಕೆ ಅಂಟದೇ ಇರಲಿ ಅಂತ ಪ್ಯಾರಾಫಿನ್ ಹಿಡಿಸಿದ ಬಟ್ಟೆ. ಸೊಳ್ಳೆ ಸಾಯಲಿ ಅಂತ ಔಷಧ ಹಿಡಿಸಿದ ಪರದೆ.

ಮೊದಲನೇ ಅರ್ಥಕ್ಕೂ ನಮ್ಮಲ್ಲಿ ಸರಿಯಾದ ಮಾತಿದೆ. ದನಕ್ಕೆ ಗಬ್ಬದ ಇಂಜೆಕ್ಷನ್ ಕೊಡಿಸಿದ ಮೇಲೆ "ಗಬ್ಬ ನಿಂತಿತಾ?" ಅಂತ ಕೇಳುತ್ತೇವೆ. ನಿಲ್ಲುವುದು, ಅಷ್ಟೇ. ಗಿಡಗಳಿಗಾದರೆ ಇಂಗ್ಲಿಷಿನವರು ಈಗ ಫರ್ಟಿಲೈಸ್ ಅನ್ನುವುದೇ ಜಾಸ್ತಿ. ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ 1932ರಲ್ಲಿ ಎತ್ತರದ ತೆಂಗಿನ ಹೆಣ್ಣು ಹೂವಿಗೆ ಗಿಡ್ಡ ತೆಂಗಿನ ಪರಾಗ ಕೊಟ್ಟು ಹೈಬ್ರಿಡ್ ಮಾಡಿದರಲ್ಲ, ಅದನ್ನು ಹೇಳಲು ಫರ್ಟಿಲೈಸ್ ಸರಿ. ಆದರೆ ಬುಡಕ್ಕೆ ಗೊಬ್ಬರ ಹಾಕುವುದಕ್ಕೂ ಫರ್ಟಿಲೈಸ್ ಅನ್ನುತ್ತಾರೆ, ಇಂಪ್ರೆಗ್ನೇಟ್ ಅನ್ನುವುದಿಲ್ಲ. ಹೆಂಗಸರ ಬಗ್ಗೆ ಹೇಳುವಾಗ ಈ ಪದ ಬೇಡವೇ ಬೇಡ. ಇಂಗ್ಲಿಷಲ್ಲೂ ಅದು ಒರಟು, ಕೊಟ್ಟಿಗೆಯ ಮಾತಿನ ಹಾಗೆ ಕೇಳುತ್ತದೆ.

ಇನ್ನೊಂದು ಕಡೆ ಮಕ್ಕಳು ಎಡವುತ್ತಾರೆ. ಬೇಕಲ ಕೋಟೆಯ ಮೇಲೆ ಪ್ರಬಂಧ ಬರೆಯುವಾಗ 'ಇಂಪ್ರೆಗ್ನೆಬಲ್' ಅಂತ ಹಾಕುತ್ತಾರೆ. ಅಭೇದ್ಯ ಅನ್ನುವ ಅರ್ಥಕ್ಕೆ ಪದ ಸರಿಯಾಗಿಯೇ ಇದೆ. ಆದರೆ ಬಸಿರಿಗೂ ಅದಕ್ಕೂ ನಂಟಿಲ್ಲ. ಅದು ಹಳೆಯ ಫ್ರೆಂಚಿನ 'ಪ್ರಾಂದ್ರ್' ಅನ್ನುವುದರಿಂದ ಬಂದದ್ದು, ಹಿಡಿ ಅಂತ ಅರ್ಥ. ನಡುವಿನ 'ಗ್' ಆಮೇಲೆ ಇಂಗ್ಲಿಷಿನಲ್ಲಿ ಸುಮ್ನೆ ಸೇರಿಕೊಂಡಿತು. ಹಿಡಿಯಲಾಗದ ಕೋಟೆ. ನಾವೂ ಕೋಟೆ 'ಹಿಡಿದರು' ಅಂತಲೇ ಹೇಳುವುದು.

ಹುಡುಗಿ ನೋಟ್ಸಿನಲ್ಲಿ 'ಪ್ಯಾರಾಫಿನ್ ಹಿಡಿಸಿದ ಬಟ್ಟೆ' ಅಂತ ಬರೆದು ಫೋಟೋ ಕಳಿಸಿದ್ದಾಳೆ. ಪಕ್ಕದಲ್ಲಿ ಪೆನ್ಸಿಲಲ್ಲಿ 'ಉಪ್ಪುಸೊಳೆ' ಅಂತಲೂ ಇದೆ.