ಎಕ್ಸ್‌ಟ್ರಾ ಪ್ಲೇಟು ಹಾಕಿಸಿದ ಸೆಕೆಂಡ್ ಹ್ಯಾಂಡ್ ಪಿಕಪ್ ಗಟ್ಟಿಯೇ?

ಪ್ರಶ್ನೆ: ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಪಿಕಪ್ ಒಂದನ್ನು ನೋಡಿಟ್ಟಿದ್ದೇನೆ. ಏನೇನು ರಿಪೇರಿ ಬರಬಹುದು, ಖರ್ಚು ಹೇಗೆ? ಹಿಂದೆ ಎಕ್ಸ್‌ಟ್ರಾ ಕಮಾನ್ ಪ್ಲೇಟು ಹಾಕಿಸಿದ್ದೇವೆ, ಗಾಡಿ ಭಾರೀ ಗಟ್ಟಿ ಅಂತ ಮಾರುವವರು ಹೇಳುತ್ತಿದ್ದಾರೆ.

ಗಾಡಿಯ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮೊದಲರ್ಧಕ್ಕೆ ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ತಲೆನೋವು ಇರುವುದು ಆ ಪ್ಲೇಟಿನ (ಗಾಡಿಯ ಚಾಸಿಗೂ ಆಕ್ಸಿಲ್‌ಗೂ ನಡುವೆ ಕೂರುವ ಬಾಗಿದ ಸ್ಪ್ರಿಂಗ್ ಪಟ್ಟಿ) ಮಾತಿನಲ್ಲಿ.

ರಿಪೇರಿ ಖರ್ಚನ್ನು ಪಾರ್ಟಿನ ಬೆಲೆ ನೋಡಿ ಅಂದಾಜು ಮಾಡಬೇಡಿ. ಆ ಪಾರ್ಟನ್ನು ಮುಟ್ಟಲು ಏನೆಲ್ಲ ಬಿಚ್ಚಬೇಕು ಅಂತ ಕೇಳಿ. ಕ್ಲಚ್ ಪ್ಲೇಟಿಗೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೂ ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಹಳೆಯದನ್ನೇ ಬಿಟ್ಟರೆ ಅದೇ ಕೂಲಿಯನ್ನು ಇನ್ನೊಂದು ಸಲ ಕೊಡುತ್ತೀರಿ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದೆಯಾ ಅಂತ ಆಗಲೇ ನೋಡಿಸಿ. ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಿಲ್‌ಗೆ ತಿರುವು ಒಯ್ಯುವ ಉದ್ದ ಶಾಫ್ಟು) ಕ್ರಾಸ್ ಜಾಯಿಂಟು, ಕಮಾನಿನ ಬುಷ್, ಬ್ರೇಕ್ ಲೈನರ್, ವೀಲ್ ಸಿಲಿಂಡರ್ ಇವೆಲ್ಲ ಸಣ್ಣ ಖರ್ಚು, ಹೆದರಬೇಡಿ. ಆದರೆ ಕ್ಲಚ್ ಬಿಡುವಾಗ ಕೆಳಗೆ ‘ಟಕ್’ ಅಂದರೂ ಕ್ರಾಸ್ ಬದಲಿಸದೆ ಓಡಿಸಿದರೆ ಒಂದು ದಿನ ಶಾಫ್ಟೇ ಕಳಚಿ ಬೀಳುತ್ತದೆ.

ದೊಡ್ಡ ಖರ್ಚು ಎಂಜಿನ್ ಕಡೆಯದು. ಕಾಮನ್ ರೈಲ್ ಡೀಸೆಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಷರ್ ಕೊಳವೆಯಿಂದ ಡೀಸೆಲ್ ಹೋಗುವ ಎಂಜಿನ್ನಿನಲ್ಲಿ, ಇಂಧನದ ಒತ್ತಡ 1,600 ಬಾರ್ ಮುಟ್ಟುವುದು, ಅದನ್ನು ದಾಟುವುದು ಮಾಮೂಲು. ಡೀಸೆಲ್ ಜೊತೆ ನೀರು ಹೋಗಿ ಹೈ ಪ್ರೆಷರ್ ಪಂಪು ಸವೆದರೆ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹರಿಯುತ್ತದೆ. ಆಮೇಲೆ ಒಂದೇ ಇಂಜೆಕ್ಟರ್ ಬದಲಿಸಿ ಸುಧಾರಿಸುವ ಮಾತೇ ಇಲ್ಲ. ಟೈಮಿಂಗ್ ಬೆಲ್ಟಿನ ಎಂಜಿನ್ ಆದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಕೊನೆಗೆ ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಕ್ಯಾಪ್ ತೆಗೆದು ನೋಡಿ. ತುಸು ಹಬೆ ಸರಿ. ಬುಸುಬುಸು ಅಂತ ಹೊಗೆ ಒದ್ದುಕೊಂಡು ಬಂದರೆ ಪಿಸ್ಟನ್ ರಿಂಗು, ಸಿಲಿಂಡರ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಅಂಥ ಗಾಡಿಗೆ ಚೌಕಾಸಿಯೂ ಬೇಡ.

ಈಗ ಪ್ಲೇಟಿಗೆ ಬರೋಣ. ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಇದು: ಪ್ಲೇಟು ಜಾಸ್ತಿಯಾದರೆ ಗಾಡಿ ಹೊರುವ ಭಾರವೂ ಜಾಸ್ತಿ.

ಕಮಾನ್ ಪ್ಲೇಟಿನ ಕೆಲಸ, ಭಾರ ಬಿದ್ದಾಗ ಗಾಡಿ ಎಷ್ಟು ಕೂರಬೇಕು ಅನ್ನುವುದನ್ನು ನಿಭಾಯಿಸುವುದು. ಪ್ಲೇಟು ಸೇರಿಸಿದರೆ ಗಾಡಿ ಕಡಿಮೆ ಕೂರುತ್ತದೆ, ನೋಡುವವರ ಕಣ್ಣಿಗೆ ಸಲೀಸಾಗಿ ಹೊತ್ತಂತೆ ಕಾಣುತ್ತದೆ. ಹೇರಿದ ಒಂದು ಕಿಲೋ ಕೂಡ ಎಲ್ಲೂ ಮಾಯವಾಗಿರುವುದಿಲ್ಲ. ಅದು ಆಕ್ಸಿಲ್, ಹಬ್ ಬೇರಿಂಗ್, ರಿಮ್ಮು ದಾಟಿ ಟೈರಿಗೇ ಬರಬೇಕು. ಟೈರಿನ ಮಗ್ಗುಲಲ್ಲಿ ಅಳತೆಯ ಪಕ್ಕ ಒಂದು ಸಂಖ್ಯೆ ಇರುತ್ತದೆ, ಅದು ಲೋಡ್ ಇಂಡೆಕ್ಸ್. 100 ಅಂದರೆ ಆ ಟೈರು 800 ಕಿಲೋ ಹೊರಬಲ್ಲದು, 108 ಅಂದರೆ 1,000 ಕಿಲೋ. ನೀವು ಮೇಲೆ ಎಷ್ಟು ಪ್ಲೇಟು ಜೋಡಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ.

‘ಸಾರ್, ವರ್ಷಗಟ್ಟಲೆ ಹೊತ್ತಿದೆ, ಏನೂ ಆಗಿಲ್ಲ’ ಅನ್ನುತ್ತಾರೆ. ಆಗಿರುತ್ತದೆ, ಕಂಡಿರುವುದಿಲ್ಲ. ಬೇರಿಂಗ್ ಮೇಲಿನ ಭಾರವೂ ಅದರ ಆಯಸ್ಸೂ ಸಮಸಮ ಲೆಕ್ಕದಲ್ಲಿ ನಡೆಯುವುದಿಲ್ಲ. ರೋಲರ್ ಬೇರಿಂಗ್ ಮೇಲೆ ಶೇ. 20 ಹೆಚ್ಚು ಭಾರ ಬಿದ್ದರೆ ಆಯಸ್ಸು ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಭಾರ ಎರಡರಷ್ಟಾದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಹಳೆಯ ಮಾಲೀಕರು ಆ ಆಯಸ್ಸನ್ನು ತಿಂದು ಮುಗಿಸಿದ್ದಾರೆ, ಬಿಲ್ ನಿಮ್ಮ ಹೆಸರಿಗೆ ಬರುತ್ತದೆ.

ಬ್ರೇಕಿನ ಕಥೆ ಇನ್ನೂ ವಿಚಿತ್ರ. ಹಳೆಯ ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ನೋಡಿಕೊಳ್ಳುವ ಒಂದು ವಾಲ್ವು ಚಾಸಿಗೆ ಕೂತಿರುತ್ತದೆ, ಅದರಿಂದ ಆಕ್ಸಿಲ್‌ಗೆ ಸಣ್ಣದೊಂದು ಕಡ್ಡಿಯ ಕೊಂಡಿ. ಲೋಡು ಬಿದ್ದು ಚಾಸಿ ಇಳಿದರೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಚಾಸಿ ಮೇಲಿದ್ದರೆ ಗಾಡಿ ಖಾಲಿ ಅಂತ ತಿಳಿದು, ಹಿಂದಿನ ಚಕ್ರ ಲಾಕ್ ಆಗದಿರಲಿ ಎಂದು ಒತ್ತಡ ತಗ್ಗಿಸುತ್ತದೆ. ಪ್ಲೇಟು ಸೇರಿಸಿ ಗಾಡಿ ಕೂರದಂತೆ ಮಾಡಿದಿರಾ? ತುಂಬಿದ ಗಾಡಿಯನ್ನೂ ಅದು ಖಾಲಿ ಅಂದುಕೊಳ್ಳುತ್ತದೆ. ಲೋಡು ಹೆಚ್ಚಿದೆ, ಹಿಂದಿನ ಬ್ರೇಕು ಕಮ್ಮಿಯಾಗಿದೆ. ಎಬಿಎಸ್ ಇರುವ ಹಲವು ಗಾಡಿಗಳಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡುತ್ತದೆ, ಆದರೆ ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಕೆಳಗೆ ಬಗ್ಗಿ ನೋಡಿದ್ದೀರಾ?

ಬಗ್ಗಿದ್ದೀರಿ ಅಂದಮೇಲೆ ಇನ್ನಷ್ಟು ನೋಡಿ. ಕಮಾನಿನ ಕೊನೆ ಚಾಸಿಗೆ ಸೇರುವ ಬ್ರಾಕೆಟ್ ಸುತ್ತ ವೆಲ್ಡಿಂಗ್ ಗುರುತು, ಅಲ್ಲಿ ಮಾತ್ರ ಮಿರುಗುವ ಹೊಸ ಬಣ್ಣ, ಕೂದಲೆಳೆಯಂಥ ಬಿರುಕು ಇದೆಯಾ? ಬಿರುಕಿನ ಅಂಚಿನಿಂದ ತುಕ್ಕಿನ ಕೆಂಪು ಇಳಿದಿರುತ್ತದೆ, ಬೆರಳಲ್ಲಿ ಒರೆಸಿದರೆ ಗೊತ್ತಾಗುತ್ತದೆ. ಹಿಂದಿನ ಆಕ್ಸಿಲ್ ಹೌಸಿಂಗಿನ ಆಯಿಲ್ ಇಳಿಸಲು ಒಪ್ಪಿದರೆ ಡ್ರೈನ್ ಪ್ಲಗ್ ನೋಡಿ. ಮ್ಯಾಗ್ನೆಟ್ ಇರುವ ಪ್ಲಗ್‌ನಲ್ಲಿ ಬೂದುಬಣ್ಣದ ನುಣುಪು ಪೇಸ್ಟು ಸಹಜ. ಚೂರುಗಳು ಸಿಕ್ಕರೆ ಕ್ರೌನ್ ಪಿನಿಯನ್ (ಆಕ್ಸಿಲ್ ಒಳಗಿನ ಗೇರ್ ಜೋಡಿ) ಅಥವಾ ಬೇರಿಂಗ್ ಕೆಲಸ ಕಾದಿದೆ. ಅದು ಸಣ್ಣ ಖರ್ಚಲ್ಲ.

ಕಮಾನು ಹಳತಾಗಿ ಚಪ್ಪಟೆಯಾಗಿದ್ದರೆ ಎರಡೂ ಬದಿಗೆ ಅದೇ ಅಳತೆಯ ಹೊಸ ಸೆಟ್ ಹಾಕಿಸಿ, ಯೂ ಬೋಲ್ಟು ಹೊಸದಿರಲಿ. ಇನ್ನೊಂದು ಮಾತು. ಕಂಪನಿಯೇ ಕೊಟ್ಟ ದಪ್ಪ ಪ್ಲೇಟೊಂದು ಹಲವು ಗಾಡಿಗಳಲ್ಲಿ ಬೇರೆಯಾಗಿ ಕೂತಿರುತ್ತದೆ, ಲೋಡು ಬಿದ್ದಾಗ ಮಾತ್ರ ಉಳಿದವಕ್ಕೆ ತಾಗುತ್ತದೆ. ಅದನ್ನು ಕಂಡು ಮಾರುವವರ ಮೇಲೆ ಹರಿಹಾಯಬೇಡಿ.

ನೀವು ಕೇಳಿಲ್ಲ, ಆದರೆ ಗಾಡಿ ತಂದ ವಾರದಲ್ಲೇ ಕೇಳುತ್ತೀರಿ: ಖಾಲಿ ಇದ್ದಾಗ ಹಿಂದೆ ಇಷ್ಟು ಕುಣಿಯುತ್ತದಲ್ಲ, ಶಾಕ್ ಅಬ್ಸಾರ್ಬರ್ ಹೋಗಿದೆಯಾ? ಶಾಕಿನ ಮೈಮೇಲೆ ಆಯಿಲ್ ಸೋರಿಲ್ಲ, ಹಳ್ಳ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಾಡುವುದಿಲ್ಲ ಅಂದರೆ ಶಾಕ್ ಬಹುಮಟ್ಟಿಗೆ ಸರಿಯೇ ಇದೆ. ಲೋಡಿಗಂತ ಮಾಡಿದ ಕಮಾನು ಖಾಲಿಯಿದ್ದಾಗ ಬಿರುಸಾಗಿಯೇ ಇರುತ್ತದೆ. ಮೊದಲು ಗಾಳಿ ನೋಡಿ. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಅಥವಾ ಪುಸ್ತಕದಲ್ಲಿ ಹಿಂದಿನ ಟೈರಿಗೆ ಖಾಲಿಗೊಂದು, ಲೋಡಿಗೊಂದು ಅಂತ ಎರಡು ಲೆಕ್ಕ ಕೊಟ್ಟಿದ್ದರೆ ಖಾಲಿ ಓಡಾಟಕ್ಕೆ ಕಡಿಮೆಯದ್ದನ್ನೇ ಇಡಿ. ವರ್ಷಪೂರ್ತಿ ಲೋಡಿನ ಗಾಳಿಯಲ್ಲೇ ಖಾಲಿ ಓಡಿಸಿದರೆ ಕುಣಿತದ ಜೊತೆಗೆ ಟೈರಿನ ನಡುಭಾಗ ಬೇಗ ಬೋಳಾಗುತ್ತದೆ. ಗಾಳಿ ನೋಡುವುದು ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ.