ಲೋಡ್ ಕಳಚಿಕೊಂಡರೆ ಗ್ರಿಡ್‌ಗೆ ಹಗುರ ಅಲ್ವಾ?

ಓದುಗರ ಪ್ರಶ್ನೆ: ಡೇಟಾ ಸೆಂಟರ್‌ಗಳಲ್ಲಿ ಯುಪಿಎಸ್, ಡೀಸೆಲ್ ಜನರೇಟರ್ ಎಲ್ಲ ಇರುತ್ತದೆ. ಲೈನ್‌ನಲ್ಲಿ ತೊಂದರೆಯಾದಾಗ ಅವು ತಾವಾಗಿಯೇ ಕಳಚಿಕೊಂಡರೆ ಗ್ರಿಡ್‌ಗೆ ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಈ ಸಲ ಬುಡದಿಂದ ಹೇಳುತ್ತೇನೆ.

ಭಾರ ಇಳಿಸಿದರೆ ಹಗುರ ಅನ್ನುವುದು ತಲೆ ಮೇಲಿನ ಮೂಟೆಗೆ ಸರಿ. ಗ್ರಿಡ್ ಮೂಟೆ ಹೊತ್ತಿಲ್ಲ, ಹಗ್ಗ ಎಳೆಯುತ್ತಿದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ದಿಢೀರನೆ ಕೈಬಿಟ್ಟರೆ ಈ ಕಡೆಯವರು ಅಂಗಾತ ಬೀಳುತ್ತಾರೆ. ವಿದ್ಯುತ್ ಸ್ಥಾವರಗಳ ಜನರೇಟರ್‌ಗಳ ಪಾಡೂ ಅದೇ. ಈ ಕ್ಷಣ ಹುಟ್ಟಿದ ಕರೆಂಟ್ ಈ ಕ್ಷಣವೇ ಖರ್ಚಾಗಬೇಕು. ಎಳೆಯುವವರು ಬಿಟ್ಟರೆ ಟರ್ಬೈನ್ ವೇಗ ಹೆಚ್ಚುತ್ತದೆ, ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಮಿಡಿಯುವ ಲೆಕ್ಕ, ಏರುತ್ತದೆ. ಆ ಭಾಗದ ವೋಲ್ಟೇಜೂ ಏರುತ್ತದೆ. ಮಿತಿ ಮೀರಿದರೆ ಉಪಕರಣಗಳು ತಮ್ಮ ಜೀವ ಉಳಿಸಿಕೊಳ್ಳಲು ಒಂದೊಂದೇ ಟ್ರಿಪ್ ಆಗುತ್ತವೆ.

ನಡೆದದ್ದನ್ನೇ ಹೇಳುತ್ತೇನೆ. 2024ರ ಜುಲೈ 10, ಸಂಜೆ 7ರ ಹೊತ್ತು. ಅಮೆರಿಕದ ಉತ್ತರ ವರ್ಜೀನಿಯಾ, ಡೇಟಾ ಸೆಂಟರ್‌ಗಳು ಒತ್ತೊತ್ತಾಗಿ ಎದ್ದಿರುವ ಜಾಗ. 230 ಕೆವಿ ಲೈನಿನ ಒಂದು ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ಹೊಡೆತದಿಂದ ಕಾಯುವ ಸಾಧನ) ಕೆಟ್ಟಿತು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ, ಬಂದು, ಮತ್ತೆ ಹೋಗುತ್ತದಲ್ಲ? ಲೈನ್ ಮೇಲೆ ಬಿದ್ದ ಕೊಂಬೆ ಜಾರಿತೋ ಇಲ್ಲವೋ ಎಂದು ಬ್ರೇಕರ್ ಮತ್ತೆ ಮತ್ತೆ ಕೂಡಿ ನೋಡುವ ರೀತಿ ಅದು. ಅಲ್ಲೂ ಹಾಗೇ ಆಯಿತು. 82 ಸೆಕೆಂಡಿನೊಳಗೆ ಆರು ಸಲ ವೋಲ್ಟೇಜ್ ಕುಸಿಯಿತು. ಒಂದೊಂದು ಕುಸಿತವೂ ರೆಪ್ಪೆ ಬಡಿಯುವಷ್ಟು ಹೊತ್ತೂ ಇರಲಿಲ್ಲ.

ಇಂಥ ಒಂದು ಕುಸಿತವನ್ನು ಯುಪಿಎಸ್ ಸಲೀಸಾಗಿ ದಾಟಿಸುತ್ತದೆ. ಆದರೆ ಅಲ್ಲಿನ ಯುಪಿಎಸ್‌ಗಳು ಎಣಿಸುತ್ತಿದ್ದವು. ಒಂದು ನಿಮಿಷದಲ್ಲಿ ಮೂರು ಕುಸಿತ ಕಂಡರೆ ಲೋಡನ್ನೆಲ್ಲ ಬ್ಯಾಕಪ್‌ಗೆ ದಾಟಿಸಿ ಅಲ್ಲೇ ನಿಲ್ಲುವುದು ಅವುಗಳ ಸೆಟ್ಟಿಂಗ್. ವಾಪಸ್ ತರಲು ಮನುಷ್ಯರೇ ಹೋಗಬೇಕು. ಸುಮಾರು 1500 ಮೆಗಾವಾಟ್ ಒಟ್ಟಿಗೇ ಮಾಯವಾಯಿತು. ನಮ್ಮ ರಾಯಚೂರು ಥರ್ಮಲ್‌ನ ಎಂಟೂ ಯೂನಿಟ್ ಸೇರಿದರೆ 1720 ಮೆಗಾವಾಟ್, ನೆನಪಿರಲಿ. ಗ್ರಿಡ್‌ನವರು ಯಾರ ಫ್ಯೂಸೂ ಕೀಳಲಿಲ್ಲ. ಡೇಟಾ ಸೆಂಟರ್‌ಗಳು ತಾವಾಗಿಯೇ ಹೋದವು.

ಫ್ರೀಕ್ವೆನ್ಸಿ 60ರಿಂದ 60.047 ಹರ್ಟ್ಸ್‌ಗೆ ಏರಿತು. ವೋಲ್ಟೇಜೂ ಏರಿತ್ತು; ಅದನ್ನು ಇಳಿಸಲು ಆಪರೇಟರ್‌ಗಳು ವೋಲ್ಟೇಜ್ ಎತ್ತಿಹಿಡಿಯುವ ಕೆಪಾಸಿಟರ್ ಬ್ಯಾಂಕ್‌ಗಳನ್ನು ಲೈನಿನಿಂದ ತೆಗೆಯಬೇಕಾಯಿತು. ಅಂದು ದೊಡ್ಡ ಅನಾಹುತ ಆಗಲಿಲ್ಲ. ಆದರೆ ಅದರ ಎರಡರಷ್ಟು ಲೋಡ್ ಹೀಗೆ ಹೋದರೆ?

ಹಾಗಾಗಿ ಕನೆಕ್ಷನ್ ಕೊಡುವಾಗ ಡೀಸೆಲ್ ಎಷ್ಟಿದೆ, ಲೈನ್ ಎರಡಿದೆಯಾ ಎಂದು ಕೇಳಿದರೆ ಸಾಲದು. ಎಷ್ಟು ಕುಸಿತ ತಡೆದುಕೊಳ್ಳುತ್ತೀರಿ, ಹೋದರೆ ಹೇಗೆ ಮೆಲ್ಲಗೆ ವಾಪಸ್ ಬರುತ್ತೀರಿ ಎಂದೂ ಕೇಳಬೇಕು.

ಇನ್ನೊಂದು ವಿಷಯ, ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮ್ಮಲ್ಲಿ ದೀಪ ಯಾಕೆ ಉರಿಯುತ್ತಿತ್ತು? ಆಗ ದಕ್ಷಿಣದ ಗ್ರಿಡ್ ಬೇರೆ, ಅದರ ಫ್ರೀಕ್ವೆನ್ಸಿಯೂ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಎರಡನ್ನೂ ಬೆಸೆಯಿತು. ನನಗೆ ಇವತ್ತಿಗೂ ಹೆಮ್ಮೆಯ ಕೆಲಸ ಅದು. ಅಂದಿನಿಂದ ದೇಶಕ್ಕೆಲ್ಲ ಒಂದೇ ತಾಳ. ನವಿ ಮುಂಬೈಯಲ್ಲಿ ಲೋಡ್ ಕೈಬಿಟ್ಟರೆ ರಾಯಚೂರು ಥರ್ಮಲ್ ಇರುವ ಶಕ್ತಿನಗರದ ಟರ್ಬೈನಿಗೂ ಅದು ತಟ್ಟುತ್ತದೆ.