ಕಾಂಗ್ರೆಸ್ ಗಿಡದ ಹುಳ ಸೂರ್ಯಕಾಂತಿಯನ್ನು ಯಾಕೆ ಕಚ್ಚಿತು?

"ಹಸಿದ ಹುಳ ಸಿಕ್ಕಿದ್ದೆಲ್ಲ ತಿನ್ನುತ್ತದೆ" ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ರೇಷ್ಮೆ ಸಾಕುವ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಹಿಪ್ಪುನೇರಳೆ ಇಲ್ಲದ ದಿನ ಹುಣಸೆ ಸೊಪ್ಪು ಹಾಕಿದರೆ ಹುಳ ಉಪವಾಸ ಬಿದ್ದು ಸಾಯುತ್ತದೆ, ಅಷ್ಟೇ.

ಕಾಂಗ್ರೆಸ್ ಗಿಡ ತಿನ್ನಲೆಂದು ಮೆಕ್ಸಿಕೋದಿಂದ ಜೈಗೋಗ್ರಾಮಾ ಎಂಬ ಜೀರುಂಡೆಯನ್ನು 1983ರಲ್ಲಿ ಬೆಂಗಳೂರಿಗೆ ತಂದರು. ಬಯಲಿಗೆ ಬಿಟ್ಟಿದ್ದು ಮರುವರ್ಷ. ನಡುವೆ ನಡೆದದ್ದು, ಅದು ಬೇರೆ ಗಿಡಗಳಿಗೂ ಬಾಯಿ ಹಾಕುತ್ತದೆಯೇ ಎಂಬ ಪರೀಕ್ಷೆ: 27 ಕುಟುಂಬಗಳ 40 ಬಗೆಯ ಗಿಡ. ಒಂದು ಸಲಕ್ಕೆ ಗಿಡ ಒಂದೇ, ಪಂಜರದಲ್ಲಿ ಬೇರೇನೂ ಇಲ್ಲ. ತಿನ್ನು, ಇಲ್ಲವೇ ಸಾಯಿ. ಎಲೆಗೆ ನಾಲ್ಕು ತೂತು ಬಿದ್ದರೆ ಗಾಬರಿಯಿಲ್ಲ. ಅಲ್ಲೇ ಮೊಟ್ಟೆಯಿಟ್ಟು, ಮರಿ ಬೆಳೆದು, ಅದೂ ಮೊಟ್ಟೆಯಿಟ್ಟರೆ ಮಾತ್ರ ಆ ಗಿಡ ಹುಳಕ್ಕೆ ಮನೆಯಾದಂತೆ. ಕಳೆಯ ಹತ್ತಿರದ ನೆಂಟ ಗಿಡಗಳ ಮೇಲೆ ಪರೀಕ್ಷಕರ ಕಣ್ಣು ಜಾಸ್ತಿ.

ಹಿಂದೆ ಇಂಥ ಎಚ್ಚರ ಎಲ್ಲಿತ್ತು? 1795ರಲ್ಲಿ, ಹುಳದಿಂದ ತೆಗೆಯುವ ಕೆಂಪು ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಪಾಪಾಸುಕಳ್ಳಿಯ ಹುಳ ಭಾರತಕ್ಕೆ ಬಂತು. ಬಂದದ್ದು ಬೇರೆಯೇ ಜಾತಿ! ಒಳ್ಳೆ ಬಣ್ಣ ಸಿಗಲಿಲ್ಲ, ಆದರೆ ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸಿತು. ಬೆಳೆಗೆ ಬಾಯಿ ಹಾಕದ್ದು ನಮ್ಮ ಅದೃಷ್ಟ.

ಮತ್ತೆ ಜೀರುಂಡೆಗೆ ಬರೋಣ. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆ ಕಡಿಯುತ್ತಿದೆ ಎಂದು ಗಲಾಟೆಯಾಯಿತು, ಸರ್ಕಾರ ಸಮಿತಿಯನ್ನೂ ಮಾಡಿತು. ಎರಡೂ ಗಿಡ ಒಂದೇ ಕುಟುಂಬದವು, ಅನುಮಾನ ಬರುವುದು ಸಹಜ ಅಲ್ವಾ? ಆದರೆ ತಪ್ಪು ಕಾಂಗ್ರೆಸ್ ಗಿಡದ ಪರಾಗದ್ದು. ಹೊಲದಂಚಿನ ಕಳೆಯ ಪರಾಗ ಹಾರಿ ಬಂದು ಸೂರ್ಯಕಾಂತಿ ಎಲೆಯ ಮೇಲೆ ಕೂರುತ್ತಿತ್ತು. ಹುಳ ಗಿಡದ ಗುರುತು ಹಿಡಿಯುವುದು ಆಕಾರದಿಂದಲ್ಲ, ರುಚಿ ವಾಸನೆಗಳಿಂದ. ಬಜ್ಜಿ ಕಟ್ಟಿದ ಕಾಗದವನ್ನು ನಾಯಿ ನೆಕ್ಕುತ್ತದಲ್ಲ, ಕಾಗದದ ಆಸೆಗಾ? ಬೆಲ್ಲ ಮೆತ್ತಿದ ಬೆರಳನ್ನು ಮಗು ಚೀಪಿದರೆ ಬೆರಳು ಊಟವಾಯಿತೇ? ಮಲ್ಲಿಗೆ ಮುಡಿದವರು ಎದ್ದು ಹೋದ ಮೇಲೂ ಕೋಣೆಯಲ್ಲಿ ಘಮ ಉಳಿದಂತೆ, ಅಲ್ಲಿ ಗಿಡವಿಲ್ಲ, ಅದರ ಸುಳಿವಿದೆ. ಸಂಶೋಧಕರು ಬೇಕೆಂದೇ ಪರಾಗ ಉದುರಿಸಿ ನೋಡಿದಾಗ ಹುಳ ಸೂರ್ಯಕಾಂತಿಗೆ ಬಾಯಿ ಹಾಕಿತು.

ಹಾಗೆ ಮೋಸಹೋಗಿ ಮೆಲ್ಲಿದರೂ ಸೂರ್ಯಕಾಂತಿಯ ಮೇಲೆ ಅದರ ಸಂಸಾರ ಬೆಳೆಯಲಿಲ್ಲ.